ಮೂಲೆಗೆ ಉರುಳಿದ ಗುಂಡಿ

ಅವನನ್ನು ಎಲ್ಲರೂ ಕಿವಿರಾಯ ಎಂದೇ ಕರೆಯುತ್ತಿದ್ದರು. ಮೂರು ಮನೆಯಾಚೆ ನಲ್ಲಿ ತೊಟ್ಟಿಕ್ಕಿದರೂ ಕೇಳಿಸಿಕೊಳ್ಳುತ್ತಾನೆಂದು ಓರಗೆಯವರು ಇಟ್ಟ ಹೆಸರು. ಹಗಲೆಲ್ಲ ಅಂಗಡಿಯಲ್ಲಿ ಗಡಿಯಾರ ರಿಪೇರಿ. ಸಂಜೆ ಐದಕ್ಕೆ ಮನೆಗೆ ಬಂದರೆ ಹಿತ್ತಿಲ ಕೋಣೆಯಲ್ಲಿ ಹಾಡುಗಳ ಮಿಕ್ಸಿಂಗ್. ಯಾರದೋ ದನಿ, ಇನ್ಯಾರದೋ ಗಿಟಾರು, ಮತ್ತೊಬ್ಬರ ಡ್ರಮ್ಮು ಬೇರೆ ಬೇರೆಯಾಗಿ ಬರುತ್ತಿದ್ದವು. ಯಾವುದು ಮುಂದೆ ನಿಲ್ಲಬೇಕು, ಯಾವುದು ಹಿಂದೆ ಸರಿಯಬೇಕು ಎಂದು ಹದ ನೋಡಿ ಒಂದು ಹಾಡು ಮಾಡುವುದು ಅವನ ಕೆಲಸ. ಇಪ್ಪತ್ತು ವರ್ಷದಿಂದ ಅದೇ ಅವನ ಹೆಮ್ಮೆ.

ಕೋಣೆ ಎಂಟಡಿ ಉದ್ದ, ಎಂಟಡಿ ಅಗಲ. ಹಿಂದೆ ಹಳೆ ಸಾಮಾನು ಒಟ್ಟುತ್ತಿದ್ದ ಜಾಗ. ಸದ್ದು ಗೋಡೆಯಿಂದ ಗೋಡೆಗೆ ಪುಟಿಯಬಾರದೆಂದು ಸುತ್ತಲೂ ಮೊಟ್ಟೆ ಟ್ರೇ ಅಂಟಿಸಿದ್ದ. "ಮೊಟ್ಟೆ ಬಿಟ್ಟು ಬರೀ ಟ್ರೇ ಕೇಳೋ ಗಿರಾಕಿ ನೀನೊಬ್ಬನೇ ಕಣಪ್ಪ. ನನ್ನ ಕೋಳಿಗಳಿಗೆ ಏನಂತ ಸಮಾಧಾನ ಹೇಳ್ಲಿ?" ಎಂದು ಮೊಟ್ಟೆ ಅಂಗಡಿಯವಳು ನಗುತ್ತಿದ್ದಳು. ನಟ್ಟನಡುವೆ ಅವನ ಕುರ್ಚಿ. ಕಿಟಕಿಯ ಪಕ್ಕದ ಮೂಲೆಯಲ್ಲಿ ಅಕ್ಕನ ಸ್ಟೂಲು. ಗಂಡ ತೀರಿಕೊಂಡ ಮೇಲೆ ತಮ್ಮನ ಮನೆ ಸೇರಿದ್ದ ಅವಳು ದರ್ಜಿಯಂಗಡಿಯ ಅಂಗಿಗಳಿಗೆ ಅಲ್ಲಿ ಕೂತು ಗುಂಡಿ ಹೊಲಿಯುತ್ತಿದ್ದಳು.

ಅವರಿಬ್ಬರಿಗೂ ಚಿಕ್ಕಂದಿನಲ್ಲಿ ಹಾಡು ಕಲಿಸಿದ್ದ ಟೀಚರಮ್ಮನಿಗೆ ಎಪ್ಪತ್ತೆರಡು ತುಂಬಿತ್ತು. ಜೀವಮಾನವೆಲ್ಲ ಮಕ್ಕಳಿಗೆ ಕಲಿಸಿದ್ದೇ ಹೊರತು ತನ್ನ ದನಿಯನ್ನು ಒಮ್ಮೆಯೂ ರೆಕಾರ್ಡು ಮಾಡಿಸಿದವಳಲ್ಲ. ಹಳೆಯ ಶಿಷ್ಯರು ಸೇರಿ, ಗಿಟಾರು ಡ್ರಮ್ಮಿನ ಜೊತೆ ಒಂದು ಹಾಡು ಹಾಡಿಸಿ ರೆಕಾರ್ಡು ಮಾಡಿದರು. ಶಾಲೆಯ ಹಾಲಿನಲ್ಲಿ ಎಲ್ಲರೂ ಕೂತು ಕೇಳುವುದು, ಮಿಕ್ಸಿಂಗ್ ಕಿವಿರಾಯನದು ಎಂದಾಯಿತು.

ಕೋಣೆಯ ಕುರ್ಚಿಯಲ್ಲಿ ಕೂತ ಕಿವಿರಾಯನಿಗೆ ಡ್ರಮ್ಮಿನ ಗುಮ್ಮೆನ್ನುವ ತಗ್ಗು ಸದ್ದು ಕೇಳಿಸಲೇ ಇಲ್ಲ. ಏರಿಸಿದ. ಸಾಲದೆಂದು ಮತ್ತೂ ಏರಿಸಿದ.

"ಲೋ, ಗುಂಯ್ ಅಂತಿದೆಯಲ್ಲೋ," ಎಂದಳು ಅಕ್ಕ ಮೂಲೆಯಿಂದ. "ಟೀಚರಮ್ಮ ಕಂಬಳಿ ಹೊದ್ಕೊಂಡು ಹಾಡಿದ ಹಾಗಿದೆ."

"ನೀನು ಗುಂಡಿ ನೋಡ್ಕೊಳ್ಳೇ. ಕಿವಿ ವಿಚಾರ ನನಗೆ ಬಿಡು."

ಅವಳು ದಾರ ಕಡಿದು ಮುಂದಿನ ಗುಂಡಿ ಎತ್ತಿಕೊಂಡಳು.

ಹಾಲಿನಲ್ಲಿ ಹಾಡು ಶುರುವಾದದ್ದೇ ತಡ, ಕಿಟಕಿಯ ಗಾಜುಗಳು ನಡುಗಿದವು. ಗುಡುಗಿನ ಮಧ್ಯೆ ಟೀಚರಮ್ಮನ ದನಿ ಎಲ್ಲೋ ಬಾವಿಯೊಳಗಿಂದ ಬಂದಂತಿತ್ತು. ಜನ ಮುಖ ಮುಖ ನೋಡಿಕೊಂಡರು. ಕಿವಿರಾಯ ಎದ್ದು ನೇರ ಸ್ಪೀಕರಿನವನ ಹತ್ತಿರ ಹೋಗಿ, ಇಡೀ ಹಾಲಿಗೆ ಕೇಳುವಂತೆ, "ಇದೇನು ಸ್ಪೀಕರೋ ತಗಡಿನ ಡಬ್ಬವೋ? ಬರದಿದ್ರೆ ಯಾಕಯ್ಯ ಈ ಕೆಲಸಕ್ಕೆ ಬರ್ತೀಯ?" ಎಂದು ಕೂಗಾಡಿದ. ಸ್ಪೀಕರಿನವನು ಅವನಿಗಿಂತ ಹಿರಿಯ. ತಲೆ ತಗ್ಗಿಸಿ ವೈರು ಸುತ್ತತೊಡಗಿದ.

ಮುಂದಿನ ಸಾಲಿನಲ್ಲಿದ್ದ ಟೀಚರಮ್ಮ ಮಾತ್ರ ಕೈಚೀಲ ಎತ್ತಿಕೊಳ್ಳುತ್ತ, "ಸ್ಪೀಕರಿನ ತಪ್ಪಲ್ಲ ಬಿಡ್ರಪ್ಪ. ನನ್ನ ಗಂಟಲೇ ಮುಗಿದಿದೆ. ನನಗೇ ಗೊತ್ತಾಗಿರಲಿಲ್ಲ," ಎಂದಳು. ಮರುದಿನದಿಂದ ಮಕ್ಕಳಿಗೆ ಪಾಠ ಹೇಳುವುದನ್ನು ನಿಲ್ಲಿಸಿಬಿಟ್ಟಳು.

ಎರಡು ದಿನ ಬಿಟ್ಟು ಕಿವಿರಾಯ ತನ್ನ ತಪ್ಪಿಲ್ಲವೆಂದು ತನಗೇ ತೋರಿಸಿಕೊಳ್ಳಲು ಅದೇ ಹಾಡು ಹಾಕಿದ. ಅಕ್ಕನ ಕೈಯಿಂದ ಗುಂಡಿಯೊಂದು ಜಾರಿ ಮೂಲೆಗೆ ಉರುಳಿತು. "ತೆಗೆದುಕೊಡೋ, ನನ್ನ ಸೊಂಟ ಬಗ್ಗಲ್ಲ," ಎಂದಳು. ಅವನು ಮಂಡಿಯೂರಿ ಸ್ಟೂಲಿನ ಕೆಳಗೆ ಕೈ ಹಾಕಿದ. ಕೈ ಅಲ್ಲೇ ನಿಂತಿತು. ಹಾಲಿನಲ್ಲಿ ಕೇಳಿದ ಅದೇ ಗುಡುಗು! ತೆವಳಿಕೊಂಡು ಕುರ್ಚಿಯ ಹತ್ತಿರ ಬಂದ, ಸದ್ದು ಮಾಯ. ಮತ್ತೆ ಮೂಲೆಗೆ ಹೋದ, ಎದೆಗೆ ಗುದ್ದಿತು.

"ಇದೇನೋ, ಐವತ್ತು ದಾಟಿದ ಮೇಲೆ ಅಂಬೆಗಾಲು?"

ಅವನಿಗೆ ಈಗ ಅರ್ಥವಾಯಿತು. ತಗ್ಗು ಸದ್ದು ಗೋಡೆಗೆ ಬಡಿದು ಹಿಂದಿರುಗಿ, ತನ್ನನ್ನು ತಾನೇ ಅಳಿಸಿಕೊಳ್ಳುತ್ತಿದ್ದದ್ದು ಸರಿಯಾಗಿ ಅವನ ಕುರ್ಚಿಯಲ್ಲಿ. ರಾಶಿ ಬೀಳುತ್ತಿದ್ದದ್ದು ಅಕ್ಕನ ಮೂಲೆಯಲ್ಲಿ. ಟ್ರೇಗಳಿಂದ ಅದಕ್ಕೆ ಏನೂ ಆಗಿರಲಿಲ್ಲ. "ನಿನ್ನ ಹಾಡು ಹಾಕಿದ್ರೆ ಬಸ್ಸಿನ ಸೀಟೇ ಅಲುಗುತ್ತೆ ಬಿಡು," ಎಂದು ಡ್ರೈವರೊಬ್ಬ ಹೇಳಿದ್ದು ನೆನಪಾಯಿತು. ಅದನ್ನು ಹೊಗಳಿಕೆ ಎಂದುಕೊಂಡು ಎಷ್ಟು ಜನರ ಮುಂದೆ ಹೇಳಿಕೊಂಡಿದ್ದ! ಕಿವಿಯ ತುದಿಯವರೆಗೂ ಬಿಸಿ ಏರಿತು.

ತಿಳಿದ ಮೇಲೂ ಆರು ದಿನ ಬಾಯಿ ಬಿಡಲಿಲ್ಲ. ಟೀಚರಮ್ಮನ ಬೀದಿ ತಪ್ಪಿಸಿ ಸುತ್ತು ದಾರಿಯಲ್ಲಿ ಅಂಗಡಿಗೆ ಹೋದ. ಕುರ್ಚಿಯನ್ನು ಹಿಂದೆ ಸರಿಸಿ, ಮೂಲೆಗಳಿಗೆ ಹಾಸಿಗೆ ಒತ್ತಿ, ಪ್ರತಿ ಸಲವೂ ಅಕ್ಕನನ್ನು ಕೇಳಿ ಕೇಳಿ ಹಾಡನ್ನು ಮತ್ತೆ ಹದಮಾಡಿದ. ದನಿ ಕನ್ನಡಿಯಂತೆ ಹೊಳೆಯಿತು.

"ಇದನ್ನ ಅವರ ಮನೆಗೆ ಕಳಿಸಿಬಿಡೋಣ. ಸ್ವಲ್ಪ ತಿದ್ದಿದ್ದೀನಿ ಅಂದ್ರಾಯ್ತು," ಎಂದ.

ಅಕ್ಕ ಸೂಜಿಯಿಂದ ಕಣ್ಣೆತ್ತಲಿಲ್ಲ. "ಬೈಯೋವಾಗ ಇಡೀ ಹಾಲು ಬೇಕಿತ್ತು. ಒಪ್ಪಿಕೊಳ್ಳೋಕೆ ಬಾಗಿಲು ಹಾಕ್ಕೋತೀಯಾ?"

ಮರುದಿನ ಬೆಳಿಗ್ಗೆ ಸ್ಪೀಕರಿನವನ ಮನೆಗೆ ಹೋದ. "ತಪ್ಪು ನನ್ನದು. ನಿಮ್ಮದಲ್ಲ," ಎಂದ. ಮನೆಯಲ್ಲಿ ಕಟ್ಟಿಕೊಂಡು ಹೋಗಿದ್ದ ದೊಡ್ಡ ದೊಡ್ಡ ಮಾತುಗಳೆಲ್ಲ ಕೈಕೊಟ್ಟವು. ಸ್ಪೀಕರಿನವನು ಅಂಗಿ ಹಾಕಿಕೊಳ್ಳುತ್ತ, "ಗೊತ್ತಿತ್ತು. ಅವತ್ತು ಹೇಳಿದ್ರೆ ನೀವು ಕೇಳ್ತಿದ್ರಾ?" ಎಂದು ಸ್ಪೀಕರು ಹೊತ್ತು ಜೊತೆಗೆ ಬಂದ.

ಟೀಚರಮ್ಮನ ಮನೆಯಲ್ಲಿ ಮಕ್ಕಳ ಚಾಪೆಗಳು ಸುತ್ತಿ ಗೋಡೆಗೆ ಒರಗಿದ್ದವು. ಕಿವಿರಾಯ ನಿಂತೇ ಎಲ್ಲ ಹೇಳಿದ. ಅಕ್ಕ ಎಚ್ಚರಿಸಿದ್ದನ್ನೂ ಬಸ್ಸಿನ ಸೀಟಿನ ಮಾತನ್ನೂ ಬಿಡಲಿಲ್ಲ. ಆಮೇಲೆ ಹಾಡು ಹಾಕಿದರು. ಟೀಚರಮ್ಮ ಕಣ್ಣುಮುಚ್ಚಿ ಕೊನೆಯವರೆಗೂ ಕೇಳಿದಳು.

"ಗೊತ್ತಾಗಿ ಎಷ್ಟು ದಿನ ಆಯ್ತು?"

"ಆರು."

"ಆ ಆರು ದಿನವೂ ನಾನು ಬಾಯೇ ತೆರೆದಿಲ್ಲ ಕಣೋ. ಅಡುಗೆ ಮಾಡ್ತಾ ಗುನುಗೋದನ್ನೂ ಬಿಟ್ಟೆ."

ಅವನ ಕಣ್ಣು ನೆಲ ಬಿಟ್ಟು ಮೇಲೇಳಲಿಲ್ಲ. ಟೀಚರಮ್ಮ ಗಂಟಲು ಸರಿಮಾಡಿಕೊಂಡು ಒಂದು ಸಾಲು ಮೆಲ್ಲನೆ ಹಾಡಿ ನಿಲ್ಲಿಸಿದಳು. ಹೇಗಿದೆ ಎಂದು ಹೇಳಲು ಅವನು ಬಾಯಿ ತೆರೆದ. ಅವಳು ಕೈ ಅಡ್ಡ ಹಿಡಿದಳು.

"ನೀನು ಬೇಡ. ಹೋಗಿ ಅಕ್ಕನ್ನ ಕರ್ಕೊಂಡು ಬಾ. ಅವಳು ಕೇಳಿ ಹೇಳ್ಲಿ."

ಕಿವಿರಾಯ ಚಪ್ಪಲಿ ಮೆಟ್ಟಿ, ಆರು ದಿನ ತಪ್ಪಿಸಿಕೊಂಡಿದ್ದ ಆ ಬೀದಿಯಲ್ಲೇ ಮನೆಯ ಕಡೆ ಬಿರಬಿರನೆ ನಡೆದ.