ಏಣಿಯ ಬುಡದಲ್ಲಿ ಇರದಿದ್ದ ಕಾಲು

ಪ್ರಿಯರೇ, ಕೆಲಸವಿದ್ದರೆ ಬದಿಗಿಟ್ಟು ಸ್ವಲ್ಪ ಹೊತ್ತು ಕೇಳಿರಿ. ಒಂದೇ ಸೂರಿನಡಿ ಬದುಕುವವರ ನಡುವೆ ಶಂಕೆ ಹೇಗೆ ಹೊಕ್ಕಿತು, ಹೊಕ್ಕ ಮೇಲೆ ಹೇಗೆ ಕಾಲು ಚಾಚಿ ಕುಳಿತಿತು ಎಂಬುದನ್ನು ಹೇಳುತ್ತೇನೆ. ನಿಮ್ಮ ಮನೆಯಲ್ಲಿ ಅಂಥದ್ದೇನೂ ಇಲ್ಲವೆಂದರೆ ದೇವರಿಗೆ ಸ್ತೋತ್ರ. ಆದರೂ ಕಿವಿಗೊಡಿರಿ.

ನಮ್ಮ ಪ್ರಾರ್ಥನಾ ಮಂದಿರದ ಹಿಂದಿನ ಬೀದಿಯಲ್ಲಿ ಎರಡು ಅಂತಸ್ತಿನ ಮನೆಯೊಂದಿದೆ. ಮೇಲೆ ಟೀಚರಮ್ಮ ಮತ್ತು ಆಕೆಯ ಗಂಡ. ಕೆಳಗೆ ಆಕೆಯ ತಮ್ಮ ಮತ್ತು ಅವನ ಹೆಂಡತಿ. ಟೀಚರಮ್ಮನ ಗಂಡ ದರ್ಜಿ, ಮಾತು ಕಡಿಮೆ. ತಮ್ಮ ಗೋಡೆಗೆ ಬಣ್ಣ ಹಚ್ಚುವ ಪೇಂಟರ್. ಬಾಯಿಗೆ ಬೀಗವಿಲ್ಲದ ಮನುಷ್ಯ. ತಾಯಿ ತೀರಿಕೊಂಡಾಗ ಅವನು ಇನ್ನೂ ತೊದಲುತ್ತಿದ್ದ. ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅಕ್ಕನೇ.

ಟೀಚರಮ್ಮ ಹೈಸ್ಕೂಲಿನಲ್ಲಿ ಭೌತಶಾಸ್ತ್ರ ಕಲಿಸುವವಳು. ಘರ್ಷಣೆಯ ಪಾಠದ ದಿನ ಇಟ್ಟಿಗೆ ತುಂಬಿದ ಮರದ ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟು, ಅದಕ್ಕೆ ಸ್ಪ್ರಿಂಗ್ ತ್ರಾಸಿನ ಕೊಕ್ಕೆ ಸಿಕ್ಕಿಸಿ ಮೆಲ್ಲಗೆ ಎಳೆಯುವಳು. ತ್ರಾಸಿನ ಮುಳ್ಳು ಏರುತ್ತಲೇ ಹೋಗುವುದು. ಪೆಟ್ಟಿಗೆ ಮಾತ್ರ ಜಪ್ಪಯ್ಯ ಎಂದರೂ ಕದಲದು.

"ಇದು ಸ್ಥಾಯಿ ಘರ್ಷಣೆ. ನೀವು ಎಷ್ಟು ಎಳೀತೀರೋ ಅಷ್ಟೇ ಎದುರು ನಿಲ್ಲುತ್ತೆ, ಚೂರು ಹೆಚ್ಚಿಲ್ಲ, ಚೂರು ಕಮ್ಮಿ ಇಲ್ಲ. ಹೊರಗಿಂದ ನೋಡಿದ್ರೆ ಏನೂ ನಡೀತಿಲ್ಲ ಅನ್ಸುತ್ತೆ. ಆದ್ರೆ ಅದಕ್ಕೂ ಒಂದು ಮಿತಿ ಇದೆ."

ಮಿತಿ ಮುಟ್ಟಿದೊಡನೆ ಪೆಟ್ಟಿಗೆ ತಟಕ್ಕನೆ ಹೊರಡುವುದು. ಮುಳ್ಳು ಹಿಂದಕ್ಕೆ ಬೀಳುವುದು.

"ನೋಡಿ, ಹೊರಟ ಮೇಲೆ ಹಿಡಿತ ಸಡಿಲ ಆಯ್ತು. ಇದು ಜಾರು ಘರ್ಷಣೆ."

"ಬೆಳಿಗ್ಗೆ ನಮ್ಮಪ್ಪ ಹಾಸಿಗೆಯಿಂದ ಏಳೋ ಹಾಗೆ, ಮಿಸ್!" ಎಂದು ಹಿಂದಿನ ಬೆಂಚಿನಿಂದ ಒಂದು ದನಿ.

"ನಿಮ್ಮಪ್ಪನ್ನ ಬಿಡು, ನಿನ್ನ ಕಥೆ ಹೇಳು" ಎಂದು ಟೀಚರಮ್ಮ. ತರಗತಿಯೆಲ್ಲ ನಗೆ.

ಇಂಥ ಹಸನ್ಮುಖಿಯ ಮನೆಗೆ ಶಂಕೆ ಬಂದದ್ದು ನಮ್ಮ ಮಂದಿರದ ಮೂಲಕವೇ. ಮಂದಿರಕ್ಕೆ ನುಣುಪು ಕಲ್ಲಿನ ಹೊಸ ನೆಲ ಹಾಸಿದ್ದೆವು. ಗೋಡೆಗೂ ಬಣ್ಣವಾಗಲೆಂದು ಆಕೆಯ ತಮ್ಮನಿಗೆ ಕೆಲಸ ಒಪ್ಪಿಸಿದೆವು. ಅವನ ಜೊತೆಗಾರ ಜ್ವರ ಬಂದು ಮಲಗಿದ್ದರಿಂದ ಏಣಿ ಹಿಡಿಯಲು ಭಾವನನ್ನೇ ಕರೆದೊಯ್ದ.

ಹಿಂದಿನ ಸಂಜೆ ಊಟದ ಹೊತ್ತಿನಲ್ಲಿ ಅವರಿಬ್ಬರ ನಡುವೆ ಮಾತು ಬೆಳೆದಿತ್ತು. ಭಾವ ಹೊಲಿದುಕೊಟ್ಟ ಅಂಗಿಯ ಕಾಲರಿನೊಳಗೆ ಬೆರಳು ತೂರಿಸಿ ಪೇಂಟರ್ ಹೇಳಿದ್ದ: "ಭಾವ, ಇದು ಅಂಗಿನೋ, ಕುಣಿಕೆನೋ? ನನ್ನ ಕುತ್ತಿಗೆ ಮೇಲೆ ಏನು ಹಗೆ ನಿಮಗೆ?"

ಎಂದೂ ರೇಗದ ದರ್ಜಿ ಅಂದು ರೇಗಿದ. "ಮೇಲೆ ನಿಂತು ಎಲ್ಲರನ್ನೂ ಆಡ್ಕೊಳ್ತೀಯ. ಒಂದಿನ ಬೀಳ್ತೀಯ ನೋಡು, ಆಗ ಬುದ್ಧಿ ಬರುತ್ತೆ."

ಮರುದಿನವೇ ಅವನು ಬಿದ್ದ.

ಮಂದಿರದೊಳಗೆ ಆಗ ಇದ್ದವರು ಅವರಿಬ್ಬರೇ. ಸದ್ದು ಕೇಳಿ ಗೇಟಿನ ಕಾವಲುಗಾರ ಓಡಿಬಂದಾಗ ಬಿದಿರಿನ ಏಣಿ ನೆಲದ ಮೇಲಿತ್ತು. ಪೇಂಟರ್ ಚೆಲ್ಲಿದ ಬಣ್ಣದ ನಡುವೆ ಕಾಲು ಹಿಡಿದುಕೊಂಡು ನರಳುತ್ತಿದ್ದ. ದರ್ಜಿ ಗೋಡೆಗೊರಗಿ ನಿಂತಿದ್ದ.

"ಏಣಿ ಹಿಡಿದಿರಲಿಲ್ವಾ ಸ್ವಾಮಿ?" ಎಂದು ಕಾವಲುಗಾರ.

"ಹಿಡಿದಿದ್ದೆ. ಎರಡೂ ಕೈಯಲ್ಲಿ ಹಿಡಿದಿದ್ದೆ" ಎಂದು ದರ್ಜಿ.

ಆಸ್ಪತ್ರೆಯಲ್ಲಿ ಕೇಳಿದವರಿಗೂ ಅದೇ ಉತ್ತರ, ಬೀದಿಯಲ್ಲಿ ಕೇಳಿದವರಿಗೂ ಅದೇ. ಒಂದಕ್ಷರ ಆಚೀಚೆ ಇಲ್ಲ. ನಡೆದದ್ದನ್ನು ನೆನೆದು ಹೇಳುವವನ ಮಾತು ಪ್ರತಿಸಲ ಸ್ವಲ್ಪ ಬೇರೆಯಾಗುತ್ತದೆ; ಇದು ಬಾಯಿಪಾಠದಂತಿತ್ತು. ಟೀಚರಮ್ಮನ ಕಿವಿಗೆ ಅದು ಮೊದಲ ದಿನವೇ ತಟ್ಟಿತು.

ಮೊಣಕಾಲ ಕೆಳಗೆ ಪ್ಲಾಸ್ಟರ್ ಹಾಕಿಸಿಕೊಂಡು ಮಲಗಿದ ತಮ್ಮ ಅಕ್ಕನನ್ನು ಕರೆದು ಬಾಗಿಲು ಮುಂದೆ ಮಾಡಿಸಿದ.

"ಅಕ್ಕ, ಬೆಳಿಗ್ಗೆಯಿಂದ ಅದೇ ಏಣಿ, ಅದೇ ಜಾಗ. ಹತ್ತಿದೆ, ಇಳಿದೆ, ಮತ್ತೆ ಹತ್ತಿದೆ. ಬಂಡೆ ಹಾಗೆ ನಿಂತಿತ್ತು. ಬುಡದಲ್ಲಿ ಕಾಲಿಟ್ಟು ಹಿಡಿದಿದ್ರೆ ಹೇಗೆ ಜಾರುತ್ತೆ, ಹೇಳು. ನೀನೇ ಪಾಠ ಮಾಡೋಳು."

"ಅವರು ಹಿಡಿದಿದ್ದೆ ಅಂತಾರಲ್ಲೋ."

"ಅದೇ ನನ್ನ ಹೊಟ್ಟೆ ಉರಿಸೋದು. ಪ್ಲಾಸ್ಟರ್ ಬಿಚ್ಚಿದ ದಿನ ನಾವು ಸಾಮಾನು ಕಟ್ತೀವಿ. ಆ ಮನುಷ್ಯ ತಲೆ ಮೇಲೆ ಓಡಾಡೋ ಮನೇಲಿ ನಾನಿರಲ್ಲ. ನೀನು ಬೇಕಾದ್ರೆ ಬಂದು ಹೋಗು. ಅವರ ಜೊತೆ ಬರೋದಾದ್ರೆ ಬರಲೇಬೇಡ."

ಪೇಂಟರನ ಹೆಂಡತಿ ಗೋಡೆಯ ಕಡೆ ಮುಖ ಮಾಡಿಕೊಂಡೇ ಸೇರಿಸಿದಳು: "ಹಿಂದಿನ ದಿನ ಏನಂದ್ರು ಅಂತ ನಾನೂ ಕೇಳಿಸ್ಕೊಂಡಿದೀನಿ ಅತ್ತಿಗೆ. ನನ್ನ ಕಿವಿ ನೆಟ್ಟಗಿದೆ."

ಅಂದಿನಿಂದ ಆ ಮನೆಯಲ್ಲಿ ಎಲ್ಲರೂ ಎಲ್ಲರನ್ನೂ ಕಾಯತೊಡಗಿದರು. ದರ್ಜಿ ಮೆಟ್ಟಿಲಿಳಿದರೆ ಕೆಳಗಿನ ಬಾಗಿಲ ಚಿಲಕ ಬೀಳುವುದು. ಚಿಲಕದ ಸದ್ದಿಗೆ ಆತ ಅರ್ಧ ಮೆಟ್ಟಿಲಲ್ಲಿ ನಿಂತುಬಿಡುವನು. ಟೀಚರಮ್ಮ ಮೇಲಿನಿಂದ ಇವೆರಡನ್ನೂ ಕೇಳಿಸಿಕೊಳ್ಳುವಳು. ಗಂಡನ ಕತ್ತರಿ ಬಟ್ಟೆಯನ್ನು ಸೀಳುವಾಗ ಆತನ ಕೈಯನ್ನೇ ನೋಡುವಳು: ಇಷ್ಟು ನಿಧಾನದ ಕೈ ಸಿಟ್ಟಿನಲ್ಲಿ ಏನು ಮಾಡಬಲ್ಲದು? ಪ್ರಾರ್ಥನೆಗೆ ಬಂದು ಕುಳಿತರೂ ಆಕೆಯ ತುಟಿ ಆಡುತ್ತಿರಲಿಲ್ಲ. ಕಣ್ಣು ಏಣಿ ಜಾರಿದ ಜಾಗದಲ್ಲೇ ನೆಟ್ಟಿರುತ್ತಿತ್ತು.

ಒಂದು ಬೆಳಿಗ್ಗೆ ಹೊಲಿಗೆ ಯಂತ್ರದ ಸದ್ದು ಕುಂಟುತ್ತಿರುವುದನ್ನು ಆಕೆ ಗಮನಿಸಿದಳು. ಸದಾ ಎರಡೂ ಪಾದಗಳಿಂದ ಯಂತ್ರ ತುಳಿಯುವ ಆತ ಒಂದೇ ಪಾದದಿಂದ ತುಳಿಯುತ್ತಿದ್ದ. ಬಗ್ಗಿ ದಾರ ಎತ್ತಿಕೊಳ್ಳುವ ನೆಪದಲ್ಲಿ ನೋಡಿದಳು. ಮೇಲೆ ಸರಿದ ಪ್ಯಾಂಟಿನ ಕೆಳಗೆ, ಮೊಣಕಾಲಿಗೂ ಪಾದಕ್ಕೂ ನಡುವೆ ಮುಂಗಾಲಿನ ಮೂಳೆಯ ಮೇಲೆ ಅಡ್ಡವಾಗಿ ಕಪ್ಪುಗಟ್ಟಿದ ಬಾಸುಂಡೆ.

ಏಣಿಯ ಬುಡವನ್ನು ಪಾದದಿಂದ ಒತ್ತಿ ನಿಂತವನ ಮುಂಗಾಲಿಗೆ ಅಡ್ಡ ಏಟು ಬೀಳುವುದಿಲ್ಲ. ಏಣಿ ದೂರದಿಂದ ಜಾರಿಬಂದು ಬಡಿದಿರಬೇಕು. ಅಂದರೆ ಬುಡದಲ್ಲಿ ಆತನ ಕಾಲು ಇರಲಿಲ್ಲ. ಸುಳ್ಳು ಹೇಳಿದ್ದಾನೆ. ಇಷ್ಟು ಸುಳ್ಳು ಹೇಳಿದವನು ಇನ್ನೆಷ್ಟು ಮುಚ್ಚಿಟ್ಟಿರಬಹುದು?

ಗಂಡನನ್ನು ಕೇಳುವ ಧೈರ್ಯ ಆಕೆಗೆ ಬರಲಿಲ್ಲ. ಏಣಿಯನ್ನೇ ಕೇಳೋಣವೆಂದು, ಮಂದಿರ ಖಾಲಿಯಿದ್ದ ಒಂದು ಮಧ್ಯಾಹ್ನ ಒಳಗೆ ಬಂದು ಅದನ್ನು ನೆಲದ ಬಣ್ಣದ ಹನಿಗಳ ನಡುವೆ ಉಳಿದಿದ್ದ ಅದರ ಪಾದದ ಗುರುತಿನ ಮೇಲೆ, ಅದೇ ಓರೆಯಲ್ಲಿ ಗೋಡೆಗೆ ಒರಗಿಸಿದಳು. ಕಾವಲುಗಾರ ಮಂದಿರದ ಮೇಲಂತಸ್ತಿನ ಗ್ಯಾಲರಿಯಲ್ಲಿ ನಿಂತು, ಹಗ್ಗ ಕಟ್ಟಿದ ಮರಳಿನ ಚೀಲವನ್ನು ಆಕೆ ಹೇಳಿದ ಮೆಟ್ಟಿಲಿಗೆ ಕೊಕ್ಕೆಯಿಂದ ಸಿಕ್ಕಿಸಬೇಕು.

"ಟೀಚರಮ್ಮ, ಚೀಲಕ್ಕೆ ಕಾಲು ಮುರಿದ್ರೆ ಯಾರ ಮೇಲೆ ಅನುಮಾನ ಪಡೋದು?"

"ನಿನ್ನ ಮೇಲೇ. ಬಾಯಿ ಮುಚ್ಕೊಂಡು ಸಿಕ್ಕಿಸು."

ಚೀಲ ಕೆಳಗಿನ ಮೆಟ್ಟಿಲಲ್ಲಿದ್ದಾಗ ಏಣಿ ಅಲುಗಲಿಲ್ಲ. ನಡುವಿಗೆ ಏರಿಸಿದಾಗಲೂ ಅಲುಗಲಿಲ್ಲ. ಭಾರ ಮೇಲೇರಿದಷ್ಟೂ ಬುಡ ಹೊರಕ್ಕೆ ಜಾರಲು ಹವಣಿಸುತ್ತದೆ, ನೆಲವೂ ಅಷ್ಟೇ ಬಲವಾಗಿ ತಡೆದು ನಿಲ್ಲಿಸುತ್ತದೆ. ಈ ಸೆಣಸಾಟ ಕಣ್ಣಿಗೆ ಕಾಣದು. ಚೀಲ ತುದಿಯ ಹತ್ತಿರದ ಮೆಟ್ಟಿಲು ಮುಟ್ಟಿದ್ದೇ ತಡ, ಒಂದು ಸಣ್ಣ ಕಿರ್ ಸದ್ದು. ಮರುಕ್ಷಣ ಏಣಿ ನೆಲದಲ್ಲಿತ್ತು. ಯಾರೂ ಬಿಡಲಿಲ್ಲ, ಯಾರೂ ತಳ್ಳಲಿಲ್ಲ. ಬೆಳಿಗ್ಗೆಯಿಂದ ಕೆಳಗಿನ ಗೋಡೆಗೇ ಬಣ್ಣ ಹಚ್ಚಿದ್ದ ತಮ್ಮ ಮೊದಲ ಸಲ ಅಷ್ಟು ಮೇಲೆ ಹತ್ತಿದ್ದೂ ಬಿದ್ದ ಆ ಹೊತ್ತಿನಲ್ಲೇ.

ಮತ್ತೆ ನಿಲ್ಲಿಸಿ ಬುಡದಲ್ಲಿ ತನ್ನ ಒಂದು ಪಾದವನ್ನು ಒತ್ತಿಟ್ಟಳು. ಚೀಲ ತುದಿಗೇರಿದರೂ ಏಣಿ ಜಾರಲಿಲ್ಲ. ಆಮೇಲೆ ಕಾಲು ತೆಗೆದು ನಾಲ್ಕು ಹೆಜ್ಜೆ ಹಿಂದೆ ನಿಂತು, ಕಿರ್ ಎಂದೊಡನೆ ಓಡಿ ಎರಡೂ ಕೈಗಳಿಂದ ಹಿಡಿದಳು. ಹೊರಟ ಏಣಿ ಆಕೆಯ ಹಿಡಿತಕ್ಕೆ ಸೊಪ್ಪು ಹಾಕಲಿಲ್ಲ. ಅಂಗೈ ತರಚಿ, ಕೆಳಮೆಟ್ಟಿಲು ಬಂದು ಮುಂಗಾಲಿಗೆ ಅಪ್ಪಳಿಸಿತು.

"ಅಯ್ಯೋ ತಾಯಿ, ಸಾಕು ಬಿಡಿ!" ಎಂದು ಮೇಲಿನಿಂದ ಕೂಗು.

ಟೀಚರಮ್ಮ ನೆಲದ ಮೇಲೆ ಕುಳಿತು ತನ್ನ ಕಾಲು ನೋಡಿಕೊಂಡಳು. ಗಂಡನ ಬಾಸುಂಡೆ ಇದ್ದ ಜಾಗವೇ. ಬೀಳಲಿ ಎಂದು ನಿಂತು ನೋಡಿದವನಿಗೆ ಈ ಏಟು ಬೀಳುವುದಿಲ್ಲ. ತಡೆಯಲು ಓಡಿಬಂದವನಿಗೆ ಬೀಳುತ್ತದೆ.

ಏಣಿಯ ಪಾದಗಳಿಗೆ ಗೋಣಿತಟ್ಟಿನ ತುಂಡು ಸುತ್ತಿದ್ದುದನ್ನೂ ಆಗಲೇ ಕಂಡಳು. ಯಾರ ಮನೆಯ ನೆಲಕ್ಕೂ ಗೀರು ಬೀಳಬಾರದೆಂದು ತಮ್ಮ ಪ್ರತಿ ಕೆಲಸದಲ್ಲೂ ಕಟ್ಟುತ್ತಿದ್ದುದು ಅದು, ಅವನ ಹೆಮ್ಮೆ. ಒರಟು ಸಿಮೆಂಟಿನ ನೆಲದಲ್ಲಿ ಗೋಣಿ ಕಚ್ಚಿ ನಿಲ್ಲುತ್ತಿತ್ತು. ಈ ನುಣುಪು ಕಲ್ಲಿನ ಮೇಲೆ ಅದಕ್ಕೆ ಕಚ್ಚಲು ಏನೂ ಇರಲಿಲ್ಲ. ಅದನ್ನು ಬಿಚ್ಚಿ ನಿಲ್ಲಿಸಿದಾಗ ಏಣಿ ತುದಿಯ ಭಾರವನ್ನೂ ತಾಳಿತು.

ಮನೆಗೆ ಬಂದು, ಯಂತ್ರದ ಮುಂದೆ ಕುಳಿತಿದ್ದ ಗಂಡನೆದುರು ನಿಂತು ತನ್ನ ಕಾಲು ತೋರಿಸಿದಳು.

"ರೀ, ಬುಡದಲ್ಲಿ ನೀವು ಇರಲಿಲ್ಲ. ಆದ್ರೆ ಓಡಿ ಬಂದ್ರಿ. ಹೌದೋ ಅಲ್ವೋ?"

ಆತ ಯಂತ್ರದಿಂದ ಪಾದ ತೆಗೆದ. "ಬಿಟ್ಟಿದ್ದೆ ಕಣೇ. ಆ ಕಾವಲುಗಾರ ಕೇಳಿದಾಗ ಬಾಯಿಂದ 'ಹಿಡಿದಿದ್ದೆ' ಅಂತ ಬಂದುಬಿಡ್ತು. ಒಂದ್ಸಲ ಅಂದ ಮೇಲೆ ಎಲ್ಲರ ಹತ್ರನೂ ಅದನ್ನೇ ಹೇಳ್ತಾ ಹೋದೆ."

"ಯಾಕೆ ಬಿಟ್ರಿ?"

"ಅದು ಬಿಡು."

"ಬಿಡು ಅಂದ್ರೆ? ನನ್ನ ತಮ್ಮ ಕಾಲು ಮುರ್ಕೊಂಡು ಬಿದ್ದಿದ್ದಾನೆ."

"ಅದಕ್ಕೇ ಹೇಳಲ್ಲ."

ಶಂಕೆ ಮತ್ತೆ ಹೆಡೆಯೆತ್ತಿತು. ಏಣಿ ತಾನಾಗಿಯೇ ಜಾರಿತು, ಸರಿ. ಬೇಕೆಂದೇ ಕಾಲು ತೆಗೆದಿದ್ದರೆ? ಏನಾದರಾಗಲಿ, ಇವತ್ತೇ ಗೊತ್ತಾಗಲಿ ಎಂದುಕೊಂಡಳು. "ಎದ್ದೇಳಿ. ನನಗೆ ಹೇಳಿದ್ದನ್ನ ಕೆಳಗೆ ಬಂದು ಅವನಿಗೆ ಹೇಳಿ." ಆತ ಏಳಲಿಲ್ಲ. ಆಕೆ ತೋಳು ಹಿಡಿದಳು. ಬಾಗಿಲವರೆಗೆ ಎಳೆದೊಯ್ಯುವುದೇ ಕಷ್ಟವಾಯಿತು. ಮೊದಲ ಮೆಟ್ಟಿಲಿಳಿದ ಮೇಲೆ ಆತ ತೋಳು ಬಿಡಿಸಿಕೊಂಡು ತಾನೇ ಮುಂದೆ ನಡೆದ.

ಈ ಸಲ ಚಿಲಕ ಬೀಳುವಷ್ಟರಲ್ಲಿ ಆತ ಒಳಗಿದ್ದ. ಮಂಚದ ಬಳಿ ನಿಂತು, ಪೀಠಿಕೆಯಿಲ್ಲದೆ ಹೇಳಿದ: "ನಾನು ಏಣಿ ಬಿಟ್ಟಿದ್ದೆ. ಹಿಡಿದಿದ್ದೆ ಅಂತ ಸುಳ್ಳು ಹೇಳಿದೆ. ತಪ್ಪು ನಂದು."

ಪೇಂಟರನ ಹೆಂಡತಿ "ಕೇಳಿದ್ರಾ!" ಎನ್ನುತ್ತ ಕೈ ಬಡಿದಳು. ಪೇಂಟರ್ ಅವಳತ್ತ ನೋಡಲಿಲ್ಲ.

"ಮತ್ತೆ ಮಿಕ್ಕಿದ್ದು?" ಎಂದ.

"ಮಿಕ್ಕಿದ್ದು ಏನೂ ಇಲ್ಲ."

"ಇದೆ. 'ಭಾವ, ಹಿಂದೆ ಹೋಗಿ ನೋಡಿ, ಬಣ್ಣದ ಅಂಚು ನೇರ ಇದೆಯಾ' ಅಂತ ಮೇಲಿಂದ ಕೂಗಿದ್ದು ನಾನು. ಅದನ್ನ ಯಾಕೆ ಹೇಳ್ತಿಲ್ಲ?"

ದರ್ಜಿ ತಲೆ ತಗ್ಗಿಸಿದ. "ಬಿದ್ದೋನ ಮೇಲೆ ತಪ್ಪು ಹೊರಿಸಲಾ?"

ಟೀಚರಮ್ಮ ತಮ್ಮನತ್ತ ತಿರುಗಿದಳು. "ನಿನಗೆ ನೆನಪಿತ್ತಾ? ನೆನಪಿದ್ದೂ ಬಾಯಿ ಬಿಡದೆ ಮಲಗಿದ್ಯಾ?"

"ಇತ್ತಕ್ಕ. ಅವರು 'ಬಿಟ್ಟಿದ್ದೆ' ಅಂದಿದ್ರೆ 'ನಾನೇ ಕಳಿಸಿದ್ದು' ಅಂತಿದ್ದೆ. 'ಹಿಡಿದಿದ್ದೆ' ಅಂದ್ರು. ತಪ್ಪಿಲ್ಲದೋನು ಸುಳ್ಳು ಯಾಕೆ ಹೇಳ್ತಾನೆ ಅಂತ ಅನುಮಾನ ಬಂತು. ಆಮೇಲೆ ಅದು ನಿಲ್ಲಲೇ ಇಲ್ಲ. ಅವರೇ ಮೊದಲು ಹೇಳ್ಲಿ ಅಂತ ಕಾದೆ."

"ಅವರೂ ಕಾದ್ರು. ಇಬ್ಬರೂ ಸೇರಿ ನನ್ನನ್ನ ಬೇಯಿಸಿದ್ರಿ. ಇನ್ನೊಂದು ವಿಷಯ ಕೇಳು. ನುಣುಪು ಕಲ್ಲಿನ ಮೇಲೆ ಗೋಣಿ ಕಟ್ಟಿ ಏಣಿ ನಿಲ್ಲಿಸಿದ ಬುದ್ಧಿವಂತ ಯಾರು?"

ಪೇಂಟರ್ ಹೊದಿಕೆಯನ್ನು ಮುಖದ ಮೇಲೆ ಎಳೆದುಕೊಂಡ.

ಸಾಮಾನು ಕಟ್ಟುವ ಮಾತು ಅಲ್ಲಿಗೆ ನಿಂತಿತು. ಎಲ್ಲ ಒಂದೇ ದಿನದಲ್ಲಿ ತಿಳಿಯಾಯಿತೆಂದು ಹೇಳಿದರೆ ನಾನೂ ಸುಳ್ಳಾಡಿದಂತಾದೀತು. ಅಂದು ಸಂಜೆ ಟೀಚರಮ್ಮ ಅಡುಗೆ ಮಾಡಿ ಕೆಳಗೆ ತಂದಾಗ ಪೇಂಟರನ ಹೆಂಡತಿ ಮೊದಲ ತಟ್ಟೆಯನ್ನು ದರ್ಜಿಯ ಮುಂದಿಟ್ಟು, "ಅಣ್ಣ, ಮೊದಲು ನೀವು ಊಟ ಮಾಡಿ" ಎಂದಳು. ಅದು ಮರ್ಯಾದೆಯೋ ಮುನ್ನೆಚ್ಚರಿಕೆಯೋ ಎಂದು ಯಾರಿಗೂ ತಿಳಿಯಲಿಲ್ಲ. ದರ್ಜಿ ಮಾತ್ರ ಹೊಟ್ಟೆತುಂಬ ಉಂಡ.

ಪ್ರಿಯರೇ, ನಿಮಗೂ ಒಬ್ಬರ ಮೇಲೆ ಅನುಮಾನವಿದ್ದರೆ ಅವರ ಬೆನ್ನ ಹಿಂದೆ ಕಾಯಬೇಡಿರಿ. ಎದುರು ಕುಳಿತು ಕೇಳಿರಿ. ಅಂಜಿಕೆಯಿಂದ ಆಡಿದ ಸುಳ್ಳೊಂದು ನಿಮ್ಮ ನಾಲಿಗೆಗೆ ಅಂಟಿಕೊಂಡಿದ್ದರೆ, ಎದುರಿನವರು ಮೊದಲು ಮಾತಾಡಲಿ ಎನ್ನದೆ, ನಿಮ್ಮ ಪಾಲಿನ ತಪ್ಪನ್ನಷ್ಟೇ ಒಪ್ಪಿಕೊಳ್ಳಿರಿ. ಏಳುವಾಗ ಕಾಲು ಭಾರವೆನಿಸುತ್ತದೆ. ಆ ಭಾರ ನೀವು ಹೊರಡುವವರೆಗೆ ಮಾತ್ರ. ದೇವರು ನಿಮ್ಮ ಸಂಗಡ ಇರುತ್ತಾನೆ. ದಯವಿಟ್ಟು ಇಂದೇ ಎದ್ದು ಅವರ ಬಳಿಗೆ ಹೋಗಿರಿ.