ನಿಂಗಕ್ಕ ಕೊಡದ ಎರಡನೇ ಭಾಗ

ಯೂರಿಯಾ ಮೂಟೆಗೆ ಒರಗಿಕೊಂಡು, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು, ಹಾರುವ ಕುದುರೆಯ ಕತೆ ಓದುತ್ತಾ ಕೂತ ಅರವತ್ತು ದಾಟಿದ ಹೆಂಗಸನ್ನು ನೀವು ಎಲ್ಲಾದರೂ ನೋಡಿದ್ದೀರಾ? ಹೊಳೆನರಸೀಪುರದ ಬಸ್‌ಸ್ಟ್ಯಾಂಡ್ ರಸ್ತೆಯಲ್ಲಿ ನಾವೆಲ್ಲ ದಿನಾ ನೋಡುತ್ತಿದ್ದೆವು. “ಅಕ್ಕೋ, ಡಿಎಪಿ ಬಂದೈತಾ?” ಅಂತ ಯಾರಾದರೂ ರೈತರು ಬಂದು ನಿಂತರೆ ನಿಂಗಕ್ಕ ತಲೆ ಎತ್ತದೆ, “ತಡಿಯಪ್ಪ, ರಾಣಿ ಈಗ್ ತಾನೆ ಬಾವಿಗೆ ಬಿದ್ದವ್ಳೆ, ಮ್ಯಾಕೆ ಬಂದ್ಬುಡ್ಲಿ” ಅನ್ನುತ್ತಿದ್ದರು. ಹೊಸಬರು ಗಾಬರಿಯಾಗಿ ಯಾವ ಬಾವಿ, ಯಾರ ಮನೆಯ ರಾಣಿ ಅಂತ ವಿಚಾರಿಸುತ್ತಿದ್ದರು. ಹಳಬರು ಟೀ ಕುಡಿದು ಬರಲು ಹೋಗುತ್ತಿದ್ದರು.

ಅವರ ಗೊಬ್ಬರದಂಗಡಿಗೂ ನನ್ನ ಜೆರಾಕ್ಸ್ ಅಂಗಡಿಗೂ ನಡುವೆ ಒಂದೇ ಗೋಡೆ. ಗಂಡ ತೋಟ ನೋಡಿಕೊಳ್ಳುತ್ತಿದ್ದರು, ಅಂಗಡಿ ಪೂರ್ತಿ ಅಕ್ಕನ ಕೈಯಲ್ಲಿತ್ತು. ಆಳು ಭಾರಿ, ದನಿ ಅದಕ್ಕಿಂತ ಭಾರಿ. ಅಂಗಡಿಯ ಕಬ್ಬಿಣದ ರ‍್ಯಾಕಿನ ಕೆಳಗಿನ ಹಲಗೆಗಳಲ್ಲಿ ಬೀನ್ಸು, ಸೌತೆ, ಟೊಮೇಟೊ ಬೀಜದ ಪೊಟ್ಟಣಗಳು. ಮೇಲಿನ ಹಲಗೆಗಳಲ್ಲಿ ಮಂತ್ರವಾದಿಗಳು, ಮಾತಾಡುವ ಮರಗಳು, ಸಮುದ್ರದಡಿಯ ಊರುಗಳು. ಕನ್ನಡದ್ದೂ ಇದ್ದವು, ಬೇರೆ ಭಾಷೆಯಿಂದ ಬಂದವೂ ಇದ್ದವು. ಅಪ್ಪನ ಜೊತೆ ಗೊಬ್ಬರಕ್ಕೆ ಬಂದ ಮಕ್ಕಳು ಕತೆ ಪುಸ್ತಕ ತೆಗೆದುಕೊಂಡು ಹೋಗುತ್ತಿದ್ದರು, ಓದಿ ತಂದುಕೊಡುತ್ತಿದ್ದರು. ಆ ಪುಸ್ತಕಗಳಿಗೆಲ್ಲ ಗೊಬ್ಬರದ ಘಾಟು ಹಿಡಿದಿತ್ತು. ನನ್ನ ಹೆಂಡತಿ ಸುಧಾ ಅವನ್ನು ಮನೆಯೊಳಗೆ ಬಿಟ್ಟುಕೊಳ್ಳುವ ಮೊದಲು ಬಿಸಿಲಿಗೆ ಹಾಕುತ್ತಿದ್ದಳು.

ಈ ಹುಚ್ಚು ಹತ್ತಿದ್ದು ಹೇಗೆ ಅಂತ ಅಕ್ಕನೇ ಹೇಳಿದ್ದರು. ಮದುವೆಯಾಗಿ ಚನ್ನರಾಯಪಟ್ಟಣದ ಕಡೆಯಿಂದ ಬಂದ ಹೊಸತರಲ್ಲಿ, ಬೀಜ ಕಟ್ಟಲು ತಂದ ರದ್ದಿಯಲ್ಲಿ ರಟ್ಟಿಲ್ಲದ ಒಂದು ಕಾದಂಬರಿ ಸಿಕ್ಕಿತಂತೆ. ಒಬ್ಬ ರಾಜಕುಮಾರಿ ಹಕ್ಕಿಯಾಗಿ ಹಾರಿಹೋಗುವ ಕತೆ. ಕೊನೆಯ ಹಾಳೆಗಳು ಇರಲಿಲ್ಲ. “ಆ ಮುಂಡೇದು ತಿರ್ಗ ಎಣ್ಣಾದ್ಲೋ ಇಲ್ವೋ ಅಂತ ನಂಗೆ ಊಟ ಸೇರ್ಲಿಲ್ಲ ಕಣ್ಲಾ ಮಂಜ. ಆಸನದ ಪ್ಯಾಟೆ ಅಂಗಡಿ ಅಂಗಡೀನೆಲ್ಲ ಉಡುಕ್ಸಿದೆ ನಮ್ಮೆಜಮಾನ್ರ ಕೈಲಿ.” ಆ ಪುಸ್ತಕ ಸಿಗಲೇ ಇಲ್ಲ. ಆದರೆ ಪಾಪದ ಯಜಮಾನರು ಬರಿಗೈಲಿ ಹೇಗೆ ಬರುವುದು ಅಂತ ಅಂಥವೇ ಬೇರೆ ಒಂದಿಷ್ಟು ತಂದರು. ಅಲ್ಲಿಂದ ಶುರುವಾಯಿತು.

ಯಾವ ಮಗುವಿಗೆ ಯಾವ ಪುಸ್ತಕ ಅನ್ನುವುದಕ್ಕೆ ಅವರು ಯಾವತ್ತೂ ಎಷ್ಟನೇ ಕ್ಲಾಸು ಅಂತ ಕೇಳಿದವರಲ್ಲ. “ನೀನು ಯಾರ್ ಕಣ್ಗೂ ಕಾಣ್ದಂಗೆ ಮಾಯ ಆಗ್ಬೋದು ಅಂದ್ರೆ ಮೊದ್ಲು ಎಲ್ಗೋಯ್ತೀಯ?” ಅಂತ ಕೇಳುತ್ತಿದ್ದರು. ಒಬ್ಬ ಸ್ಟಾಫ್ ರೂಮಿಗೆ ಅನ್ನುತ್ತಿದ್ದ, ಒಬ್ಬಳು ಇಸ್ರೋ ಒಳಗಡೆಗೆ ಅನ್ನುತ್ತಿದ್ದಳು, ಇನ್ನೊಬ್ಬ ಮಾವನ ಮನೆಯ ಫ್ರಿಜ್ಜಿಗೆ. ಆ ಉತ್ತರ ಕೇಳಿ ಸ್ವಲ್ಪ ಹೊತ್ತು ಮಗುವಿನ ಮುಖ ನೋಡಿ, ಕೈ ನೀಡಿ ಒಂದು ಪುಸ್ತಕ ಎಳೆಯುತ್ತಿದ್ದರು. ಅದು ತಪ್ಪಿದ್ದನ್ನು ನಾನು ಕಂಡಿದ್ದು ಕಡಿಮೆ. ಆಟ ಬಿಟ್ಟು ಬೇರೆ ಗೊತ್ತಿಲ್ಲದ ಪೋರರು ವಾರದೊಳಗೆ ಓಡಿಬಂದು ಕೌಂಟರಿನ ಮೇಲೆ ಗಲ್ಲ ಊರಿ ನಿಲ್ಲುತ್ತಿದ್ದರು.

ಒಮ್ಮೆ ಅರಕಲಗೂಡು ಕಡೆಯ ಗೌಡರೊಬ್ಬರು ಮಗನ ಕೈಯಿಂದ ಪುಸ್ತಕ ಕಿತ್ತು, “ಏನಕ್ಕ ಇದು, ಬರೀ ಸುಳ್ಳು! ನೀತಿ ಇರೋ ಅಂಥದ್ದು ಕೊಡ್ಬಾರ್ದಾ?” ಅಂದರು. ಅಕ್ಕನಿಗೆ ಸಿಟ್ಟು ಬಂದರೆ ಸೆರಗು ಬಿಗಿಯುತ್ತಿದ್ದರು. ಬಿಗಿದೇ ಹೇಳಿದರು: “ಸುಳ್ಳೇ ಕಣಪ್ಪ. ಮೋಸ ಅಲ್ಲ. ನೀತಿ ನೀನು ಮನೇಲಿ ಯೋಳ್ಕೊಡು, ನಂಗೆ ಯಾಪಾರ ಮಾಡಕ್ ಬುಡು.” ಅದು ವ್ಯಾಪಾರವೇ ಅಲ್ಲ ಅಂತ ಇಡೀ ರಸ್ತೆಗೇ ಗೊತ್ತಿತ್ತು. ಗೌಡರು ಗೊಣಗುತ್ತಾ ಹೋದರು, ಮಗ ಪುಸ್ತಕವನ್ನು ಅಂಗಿಯೊಳಗೆ ತೂರಿಸಿಕೊಂಡು ಹಿಂದೆ ಹೋದ.

ಆದರೆ ಅಕ್ಕನದು ಒಂದು ಕಟ್ಟುನಿಟ್ಟು ಇತ್ತು. ಎರಡು ಮೂರು ಭಾಗಗಳ ಕಾದಂಬರಿಯಾದರೆ ಮೊದಲನೇದನ್ನು ಮಾತ್ರ ಕೊಡುತ್ತಿದ್ದರು. ಎರಡನೇ ಭಾಗ ಬೇಕಾದರೆ, ಆ ಕತೆ ನಮ್ಮ ಕಡೆ ಎಲ್ಲಿ ನಡೆಯುತ್ತದೆ ಅಂತ ಹುಡುಕಿ, ಕಣ್ಣಾರೆ ನೋಡಿಕೊಂಡು ಬಂದು ಹೇಳಬೇಕು. “ಅವರ್ ಬೆಟ್ಟ ಅವರ್ಗೆ ಇರ್ಲಿ, ನಿನ್ ಬೆಟ್ಟ ಯಾವ್ದು ಯೋಳು” ಅನ್ನುತ್ತಿದ್ದರು. ಹಾಗಾಗಿ ನಮ್ಮ ತಾಲ್ಲೂಕುಗಳೆಲ್ಲ ಮಾಯಾಲೋಕವಾಗಿಬಿಟ್ಟಿದ್ದವು. ಬೆಂಕಿ ಉಗುಳುವ ಮೃಗ ಅರಕಲಗೂಡಿನ ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿನಲ್ಲಿತ್ತು. ಮಾಟಗಾತಿ ಚನ್ನರಾಯಪಟ್ಟಣದ ನೀರಿನ ಟ್ಯಾಂಕಿನ ಮೇಲೆ ಕೂತಿದ್ದಳು. ಹೇಮಾವತಿ ಸೇತುವೆಯ ಕೆಳಗೆ ಯಾರು ಯಾರಿದ್ದರೋ, ಲೆಕ್ಕ ಇಡುವುದು ಕಷ್ಟ. ಬಸ್ಸಿನಲ್ಲಿ ಹೋಗುವಾಗ ಮಕ್ಕಳು ಕಿಟಕಿಗೆ ಅಂಟಿಕೊಂಡಿದ್ದರೆ ಅದು ನಿಂಗಕ್ಕನ ಗಿರಾಕಿ ಅಂತಲೇ ತಿಳಿಯಬಹುದಿತ್ತು.

ಆ ವರ್ಷ ನಮ್ಮ ಮನೆಯಲ್ಲಿ ನನ್ನ ತಾಯಿ ತೀರಿಕೊಂಡಿದ್ದರು. ಮಗಳು ಸಿಂಚನ ಆಗ ಆರನೇ ಕ್ಲಾಸು. ಹುಟ್ಟಿದಾಗಿನಿಂದ ಅಜ್ಜಿಯ ಮಗ್ಗುಲಲ್ಲೇ ಮಲಗಿದ ಹುಡುಗಿ, ಅಜ್ಜಿ ಹೋದಾಗ ಒಂದು ಹನಿ ಕಣ್ಣೀರು ಹಾಕಲಿಲ್ಲ. ಊಟ, ಸ್ಕೂಲು, ಹೋಂವರ್ಕು ಎಲ್ಲ ಸರಿಯಾಗಿಯೇ ಇತ್ತು. ಅಷ್ಟು ಸರಿಯಾಗಿದ್ದದ್ದೇ ನಮಗೆ ಭಯ. ಸಂಜೆ ಅಂಗಡಿಗೆ ಬಂದವಳನ್ನು ಅಕ್ಕ ಕರೆದು ಅದೇ ಪ್ರಶ್ನೆ ಕೇಳಿದರು, ಮಾಯ ಆಗಬಹುದಾದರೆ ಎಲ್ಲಿಗೆ ಹೋಗುತ್ತೀಯ ಅಂತ. ಅವಳು, “ಎಲ್ಲೂ ಹೋಗಲ್ಲ. ಅಜ್ಜಿ ಮಂಚದ ಮೇಲೆ ಮಲಗಿರ್ತೀನಿ. ಯಾರೂ ಎಬ್ಬಿಸಬಾರದು” ಅಂದಳು.

ಅಕ್ಕ ಅವತ್ತು ಪುಸ್ತಕ ತೆಗೆಯಲು ಬಹಳ ಹೊತ್ತು ಮಾಡಿದರು. ಕೊನೆಗೆ ಕೊಟ್ಟದ್ದು ಎರಡು ಭಾಗಗಳ ಒಂದು ಕಾದಂಬರಿಯ ಮೊದಲನೇ ಭಾಗ. ಅದರಲ್ಲಿ ಅಂಬಿಗರ ಹುಡುಗಿಯೊಬ್ಬಳು ಹೊಳೆಯಲ್ಲಿ ಕೊಚ್ಚಿಹೋದ ತಮ್ಮನನ್ನು ಹುಡುಕಿಕೊಂಡು ಹೊರಡುತ್ತಾಳೆ. ಒಂದರ ಪಕ್ಕ ಒಂದು ನಿಂತ, ಒಂದೇ ಥರದ ಎರಡು ಕಲ್ಲಿನ ಬಾಗಿಲುಗಳು ಸಿಗುತ್ತವೆ. ನಡುಮಧ್ಯಾಹ್ನ, ನೆರಳು ಕಾಲಡಿಗೆ ಸೇರಿದ ಹೊತ್ತಿನಲ್ಲಿ ಅವುಗಳ ಮಧ್ಯೆ ನಿಂತರೆ ಹೋದವರು ಬರುತ್ತಾರೆ. ಹುಡುಗಿ ಹೋಗಿ ನಿಲ್ಲುತ್ತಾಳೆ, ಬಾಗಿಲು ತೆರೆಯುತ್ತದೆ. ಮೊದಲನೇ ಭಾಗ ಅಲ್ಲಿಗೆ ಮುಗಿಯುತ್ತದೆ.

ಒಂದು ಬೆಳಗ್ಗೆ ಸ್ಕೂಲಿನಿಂದ ಫೋನು ಬಂತು, ಸಿಂಚನ ಯಾಕೆ ಬಂದಿಲ್ಲ ಅಂತ. ಯೂನಿಫಾರಂ ಹಾಕಿಕೊಂಡು, ಡಬ್ಬಿ ತೆಗೆದುಕೊಂಡು ಹೊರಟವಳು ಅವಳು. ನಾನು ಕೂಗಿದ ದನಿಗೆ ರಸ್ತೆಯ ಅಂಗಡಿಯವರೆಲ್ಲ ಸೇರಿದರು. ಬಸ್‌ಸ್ಟ್ಯಾಂಡು, ಹೊಳೆ ದಂಡೆ, ಗೆಳತಿಯರ ಮನೆ ಅಂತ ಒಬ್ಬೊಬ್ಬರು ಒಂದೊಂದು ಕಡೆ ಓಡಿದರು. ಆಲೂಗಡ್ಡೆ ಬಿತ್ತನೆಯ ಕಾಲ, ಅಕ್ಕನ ಅಂಗಡಿ ಮುಂದೆ ಜಾತ್ರೆಯಂಥ ಜನ. ಗಲಾಟೆ ಕೇಳಿ ಅಕ್ಕ ಈಚೆ ಬಂದರು. ವಿಷಯ ತಿಳಿದದ್ದೇ ತಡ, ನನ್ನ ತೋಳು ಹಿಡಿದರು.

“ಮೊಸಳೆ ಊರ್ಗೆ ಓಗವ್ಳೆ ಕಣ್ಲಾ. ಜೋಡಿ ದೇವಸ್ಥಾನದ ತಾವ. ಮೊನ್ನೆ ನನ್ನ ಕೇಳುದ್ಲು, ಅಕ್ಕ, ಆ ಎರಡು ಬಾಗ್ಲಿಗೆ ಮೊಸಳೆ ಗುಡಿ ಆಗ್ಬೋದಾ ಅಂತ. ಆಯ್ತದೆ ಕಣವ್ವ, ನೋಡ್ಕಂಡ್ ಬಾ ಅಂದ್ಬುಟ್ಟೆ.”

ಒಳಗೆ ಹೋಗಿ ಎರಡನೇ ಭಾಗವನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಬಂದು, ಶಟರ್ ಎಳೆದರು. “ಅಕ್ಕೋ, ಬಿತ್ನೆ ಕಾಲ, ನಮ್ ಗತಿ?” ಅಂತ ಜನ ಕೂಗಿದರೆ, “ನಿಮ್ ಆಲೂಗಡ್ಡೆ ಎಲ್ಲೂ ಓಡೋಗಕಿಲ್ಲ, ಕೂತ್ಕಳಿ” ಅಂತ ನನ್ನ ಸ್ಕೂಟರಿನ ಹಿಂದೆ ಕೂತರು. ಗಾಡಿ ಒಂದು ಸಲ ನರಳಿತು. ಹಾಸನದ ರಸ್ತೆ ಹಿಡಿದೆವು. 

ಸಿಂಚನ ಅಲ್ಲೇ ಇದ್ದಳು. ಎರಡು ಗುಡಿಗಳ ನಡುವಿನ ಜಾಗದಲ್ಲಿ, ಬ್ಯಾಗು ಕೆಳಗಿಟ್ಟು, ಯೂನಿಫಾರಂನಲ್ಲಿ ನೆಟ್ಟಗೆ ನಿಂತಿದ್ದಳು. ಊರಿನ ಹೆಂಗಸೊಬ್ಬರು ಪಕ್ಕದ ಜಗಲಿಯಲ್ಲಿ ಮಜ್ಜಿಗೆಯ ಚೊಂಬು ಇಟ್ಟುಕೊಂಡು ಕೂತಿದ್ದರು. “ನಿಮ್ ಮಗೂನಾ ಸಾ? ಬಸ್ಸಲ್ಲಿ ಬಂದೆ ಅಂತದೆ. ಇನ್ನೇನೂ ಯೋಳಕಿಲ್ಲ, ಕುಡಿಯಕೂ ಇಲ್ಲ. ಒಬ್ಳೇ ಬುಟ್ಟೋಗಕ್ ಮನ್ಸು ಬರ್ಲಿಲ್ಲ” ಅಂದರು. ಹೆಣ್ಣುಮಕ್ಕಳಿಗೆ ಬಸ್ಸು ಫ್ರೀ ಆದದ್ದಕ್ಕೆ ನಾನು ಮನಸ್ಸಿನಲ್ಲೇ ಬೈದುಕೊಂಡು, ಮಗಳ ರಟ್ಟೆ ಹಿಡಿದೆ. ಅವಳು ನನ್ನ ಮುಖ ನೋಡಲಿಲ್ಲ, ನೆಲ ನೋಡುತ್ತಿದ್ದಳು. “ಅಪ್ಪ, ಇನ್ನೊಂಚೂರು. ನೆರಳು ಇನ್ನೂ ಕಾಲಡಿಗೆ ಬಂದಿಲ್ಲ.”

ಅಕ್ಕ ನನ್ನ ಕೈ ಬಿಡಿಸಿದರು. “ಬುಡ್ಲಾ. ಒತ್ತಾಗ್ಲಿ. ಅರ್ಧಕ್ಕೆ ಎಳ್ಕಂಡೋದ್ರೆ ನಾಳೀಕ್ ತಿರ್ಗ ಬತ್ತಾಳೆ, ನಾಡಿದ್ದೂ ಬತ್ತಾಳೆ.” ನನ್ನನ್ನು ಜಗಲಿಗೆ ಕಳಿಸಿ, ತಾವು ಹೋಗಿ ಅವಳ ಪಕ್ಕದಲ್ಲಿ ನಿಂತರು. ಆ ಸುಡುವ ಬಿಸಿಲಲ್ಲಿ, ಮಂಡಿ ನೋವಿನ ಆ ಭಾರಿ ಹೆಂಗಸು ನನ್ನ ಮಗಳ ಜೊತೆ ಸತ್ತವರಿಗಾಗಿ ಕಾದು ನಿಂತಿದ್ದನ್ನು ನಾನು ಈ ಜನ್ಮದಲ್ಲಿ ಮರೆಯಲಾರೆ.  ನೆರಳು ಮೆಲ್ಲಗೆ ಕಾಲಡಿಗೆ ಸೇರಿತು. ಸಿಂಚನ ಒಂದು ಗುಡಿಯ ಕಡೆ ನೋಡಿದಳು, ಇನ್ನೊಂದರ ಕಡೆ ನೋಡಿದಳು. ಯಾರೂ ಬರಲಿಲ್ಲ. ನೆರಳು ಇನ್ನೊಂದು ಕಡೆಗೆ ಚಾಚತೊಡಗಿತು. ಆಮೇಲೂ ಇಬ್ಬರೂ ನಿಂತೇ ಇದ್ದರು.

“ಅಕ್ಕ, ನಾನು ಸರಿಯಾಗಿ ನಿಂತಿಲ್ವಾ?”

“ಸರಿಯಾಗೇ ನಿಂತಿದ್ದೆ ಕಣವ್ವ. ತಪ್ಪು ನಂದು. ಅರ್ಧ ಕತೆ ಕೊಟ್ಟು ಅರ್ಧ ಮಡಿಕ್ಕಂಬುಟ್ಟೆ. ಬಾ, ಇಲ್ ಕೂತ್ಕೊ.”

ಜಗಲಿಯ ನೆರಳಲ್ಲಿ ಅವಳನ್ನು ಪಕ್ಕಕ್ಕೆ ಎಳೆದುಕೊಂಡು ಎರಡನೇ ಭಾಗ ಬಿಚ್ಚಿದರು. ಅಂಬಿಗರ ಹುಡುಗಿ ಬಾಗಿಲಾಚೆ ತಮ್ಮನನ್ನು ನೋಡುತ್ತಾಳೆ. ಅವನು ನಗುತ್ತಾನೆ, ಆದರೆ ಹೊಸ್ತಿಲು ದಾಟುವುದಿಲ್ಲ. ದಾಟಲು ಅವನಿಗೆ ಆಗುವುದಿಲ್ಲ. ಬಾಗಿಲು ತಾನಾಗಿ ಮುಚ್ಚುವುದಿಲ್ಲ, ಅವಳೇ ಮುಚ್ಚಬೇಕು. ಗೊಬ್ಬರದ ದರ ಕೂಗುವ ಅದೇ ದನಿಯಲ್ಲಿ ಅಕ್ಕ ಓದಿದರು.  ಮಜ್ಜಿಗೆಯ ಹೆಂಗಸೂ ಹತ್ತಿರ ಸರಿದು ಕೂತು ಕೇಳಿದರು.

ಓದಿ ಮುಗಿದ ಮೇಲೆ ಸಿಂಚನ, “ಹಂಗಾದ್ರೆ ಅಜ್ಜಿ ಬರಲ್ವಾ?” ಅಂದಳು.

ನಾನಾಗಿದ್ದರೆ ನಕ್ಷತ್ರ, ಸ್ವರ್ಗ ಅಂತ ಏನಾದರೂ ಹೇಳಿಬಿಡುತ್ತಿದ್ದೆ. ಅಕ್ಕ, “ಇಲ್ಲ ಕಣವ್ವ, ಬರಕಿಲ್ಲ” ಅಂದರು. ಸಿಂಚನ ಅವರ ತೊಡೆಯ ಮೇಲೆ ಬಿದ್ದು ಅತ್ತಳು. ಅಜ್ಜಿ ಹೋದ ಮೇಲೆ ಅವಳು ಅತ್ತದ್ದು ಅದೇ ಮೊದಲು. ಅಕ್ಕ ಸಮಾಧಾನ ಮಾಡಲಿಲ್ಲ, ಬೆನ್ನ ಮೇಲೆ ಕೈ ಇಟ್ಟುಕೊಂಡು ಕೂತರು ಅಷ್ಟೇ. ಅತ್ತು ಮುಗಿದ ಮೇಲೆ ಹುಡುಗಿ ಮಜ್ಜಿಗೆ ಕುಡಿದಳು, ಡಬ್ಬಿಯ ಚಿತ್ರಾನ್ನವನ್ನೂ ತಿಂದಳು.

ಸುಧಾ ಅಂದು ಅಂಗಡಿಗೆ ಹೋಗಿ ಬಾಯಿಗೆ ಬಂದ ಹಾಗೆ ಬೈದಳು. “ಮಗೂಗೆ ಏನಾದ್ರೂ ಆಗಿದ್ದಿದ್ರೆ?” ಅನ್ನುವ ಅವಳ ಮಾತಿಗೆ ಅಕ್ಕ, “ಬಯ್ಯವ್ವ, ನೀನ್ ಬೈಯೋದು ನ್ಯಾಯ” ಅಂದರು. ಆಮೇಲೆ ಎಷ್ಟು ಭಾಗಗಳಿದ್ದರೂ ಒಟ್ಟಿಗೆ ಗೋಣಿದಾರದಲ್ಲಿ ಬಿಗಿದೇ ಕೊಡುತ್ತಿದ್ದರು. ಜಾಗ ಹುಡುಕುವ ಕೆಲಸ ನಿಲ್ಲಲಿಲ್ಲ, ಆದರೆ ಅಪ್ಪನೋ ಅಮ್ಮನೋ ಜೊತೆಗೆ ಹೋಗಬೇಕು ಅಂತಾಯಿತು. ಪಾಪ, ಎಷ್ಟೋ ಅಪ್ಪಂದಿರು ಭಾನುವಾರ ಮಾಟಗಾತಿ ಹುಡುಕಿಕೊಂಡು ಚನ್ನರಾಯಪಟ್ಟಣಕ್ಕೆ ಗಾಡಿ ಹೊಡೆದರು. ಅವರಲ್ಲಿ ನಾನೂ ಒಬ್ಬ.

ಹೋದ ಕಾರ್ತೀಕದಲ್ಲಿ ನಿಂಗಕ್ಕ ತೀರಿಕೊಂಡರು. ಎದೆ ನೋವು ಅಂತ ಹಾಸನದ ಆಸ್ಪತ್ರೆಗೆ ಸೇರಿಸಿದಾಗ ನಾನು ನೋಡಲು ಹೋಗಿದ್ದೆ. “ಆ ನರ್ಸ್ ಉಡುಗಿಗೆ ಒಂದ್ ಒಳ್ಳೆ ಪುಸ್ತಕ ಬೇಕು ಕಣ್ಲಾ, ಸುಮ್ಸುಮ್ನೆ ಎದ್ರಿಕಂತಾಳೆ” ಅಂದದ್ದೇ ಅವರು ನನ್ನ ಜೊತೆ ಆಡಿದ ಕೊನೆಯ ಮಾತು.

ತಿಥಿಯ ದಿನ ಅವರ ಮನೆಯಲ್ಲಿ ಜನವೋ ಜನ. ಪೊಟ್ಟಣದ ಬೀಜ ಕೊಂಡವರು, ಪುಸ್ತಕ ಓದಿದವರು, ಎರಡೂ ಮಾಡಿದವರು. ಸಿಂಚನ ಈಗ ಎಂಟನೇ ಕ್ಲಾಸು. ಹಿಂದಿನ ಪಡಸಾಲೆಯಲ್ಲಿ ಅಕ್ಕನ ಪುಟ್ಟ ಮೊಮ್ಮಗಳು ಚಿನ್ನು ಅವಳ ಲಂಗ ಜಗ್ಗಿ, “ಅಕ್ಕಾ, ಅಜ್ಜಿ ಯಾವಾಗ ಬತ್ತದೆ?” ಅಂತ ಕೇಳಿದಳು. ದೊಡ್ಡವರೆಲ್ಲ ಒಟ್ಟಿಗೆ ಬಾಯಿ ಹಾಕಿದರು. ಊರಿಗೆ ಹೋಗವ್ಳೆ, ದೇವರ ಮನೇಲವ್ಳೆ, ನಾಳೆ ಬತ್ತಾಳೆ ಅಂತ ಒಬ್ಬೊಬ್ಬರದು ಒಂದೊಂದು.

ಸಿಂಚನ ಕೆಳಗೆ ಕೂತು ಆ ಮಗುವನ್ನು ತೊಡೆಯ ಮೇಲೆ ಎಳೆದುಕೊಂಡಳು.

“ಬರಲ್ಲ ಚಿನ್ನು. ನಾನು ಹೋಗಿ ನೋಡ್ಕೊಂಡು ಬಂದಿದೀನಿ.”