ಭಾವನ ಸೊಂಟದಳತೆ

ಅವಳನ್ನು ಎಲ್ಲರೂ ಕರೆಯುತ್ತಿದ್ದದ್ದು ಟೇಪಕ್ಕ ಎಂದೇ. ಇಪ್ಪತ್ತೆರಡು ವರ್ಷ ಒಂದೇ ಕಿಟಕಿಯ ಪಕ್ಕ ಕೂತು ಹೊಲಿದವಳು. ಅವಳ ಕೊರಳಿಂದ ಅಳತೆಯ ಟೇಪು ಇಳಿದದ್ದನ್ನು ಕಂಡವರಿಲ್ಲ. ಅಂಥವಳು ನಲವತ್ತೈದರಲ್ಲಿ ವಿಮಾ ಏಜೆಂಟಾಗುತ್ತೇನೆ ಎಂದಾಗ ಬೀದಿಯವರು ಮೂಗಿನ ಮೇಲೆ ಬೆರಳಿಟ್ಟರು. ಇಟ್ಟರೆ ಇಟ್ಟುಕೊಳ್ಳಲಿ. ಸೂಜಿಗೆ ದಾರ ಪೋಣಿಸಲು ಕಣ್ಣು ತಕರಾರು ತೆಗೆಯುತ್ತಿತ್ತು, ಹೊಟ್ಟೆ ಅದನ್ನೆಲ್ಲ ಕೇಳುತ್ತದೆಯೇ?

ಪಾಠದ ಪುಸ್ತಕವನ್ನು ದಾರದ ಡಬ್ಬಿಗೆ ಒರಗಿಸಿ, ಮೆಷಿನ್ ತುಳಿಯುತ್ತಲೇ ಓದುವಳು. ಮಧ್ಯಾಹ್ನದ ಪರದೆ ಉಬ್ಬಿ ಇಳಿಯುವುದು, ಬಿಸಿಲು ಬಟ್ಟೆಯ ರಾಶಿಯ ಮೇಲೆ ತೂಕಡಿಸುವುದು, ಅವಳೂ ಅರೆನಿದ್ದೆಯಲ್ಲಿ ಪಾಠದೊಳಗೆ ತೇಲುವುದು. ಕಳೆದರೆ ತನಗೆ ನಷ್ಟವಾಗುವಂಥದ್ದಕ್ಕೆ ಮಾತ್ರ ವಿಮೆ ಮಾಡಿಸಬಹುದು. ಸರಿಯೇ, ದಾರಿಹೋಕನ ಅಂಗಿಗೆ ಯಾರು ತೇಪೆ ಹಾಕಿಸುತ್ತಾರೆ? ಮನೆಗೋ ಅಂಗಡಿಗೋ ವಿಮೆಯಿದ್ದರೆ ಆದ ನಷ್ಟವನ್ನಷ್ಟೇ ತುಂಬಿಕೊಡುತ್ತಾರೆ. ಅದೂ ಸರಿ, ಹರಿದ ಅಂಗಿ ತಂದವನಿಗೆ ಹೊಸ ಕೋಟು ಕೊಡಲಾದೀತೇ? ಆದರೆ ಗೊತ್ತಿದ್ದದ್ದನ್ನೆಲ್ಲ ಮುಚ್ಚಿಡದೆ ಹೇಳಬೇಕು, ಅದೇ ಪರಮ ಸದ್ಭಾವನೆ ಎಂದು ಓದಿದಾಗ ಅವಳಿಗೆ ನಗು ಬಂತು. ಅವಳ ಗಿರಾಕಿಗಳೆಲ್ಲ ಉಸಿರು ಬಿಗಿಹಿಡಿದು, ಹೊಟ್ಟೆ ಒಳಗೆಳೆದು ಅಳತೆ ಕೊಡುವವರೇ.

ಅಂತೂ ಪರೀಕ್ಷೆ ಪಾಸಾಯಿತು. ತಿಂಗಳೊಳಗೆ ಒಂದು ಪಾಲಿಸಿ ತಂದರೆ ಶಾಖೆಯಲ್ಲಿ ಒಂದು ಕುರ್ಚಿ ನಿಮ್ಮದು ಎಂದರು ತರಬೇತಿಯ ಮೇಷ್ಟ್ರು. ಮೊದಲ ಗಿರಾಕಿ ಮನೆಯಲ್ಲೇ ಇದ್ದ: ಅಕ್ಕನ ಗಂಡ, ಬಸ್ ಡ್ರೈವರ್. ಅವನ ಜೀವವಿಮೆಗೆ ಅಕ್ಕನೇ ನಾಮಿನಿ. ಒಂದು ಭಾನುವಾರ ಅರ್ಜಿ ತುಂಬಲು ಕೂತರು. ವರ್ಷದೊಳಗೆ ತೂಕ ಇಳಿದಿದೆಯೇ ಎಂಬ ಪ್ರಶ್ನೆ ಬಂತು.

"ಇಲ್ಲ ಅಂತ ಬರಿಯಮ್ಮ," ಎಂದ ಭಾವ.

ಅವಳ ಪೆನ್ನು ನಿಂತಿತು. ಅಳತೆ ಪುಸ್ತಕ ತೆಗೆಯುವ ಅಗತ್ಯವೂ ಇರಲಿಲ್ಲ. ಭಾವನ ಸೊಂಟ ಮೂವತ್ತಾರಿದ್ದದ್ದು ಮೂವತ್ತೈದಾಗಿ, ಆಮೇಲೆ ಮೂವತ್ತಮೂರಾಗಿತ್ತು.

"ಭಾವ, ಈ ವರ್ಷ ನಿಮ್ಮ ಪ್ಯಾಂಟನ್ನ ನಾನೇ ಎರಡು ಸಲ ಟೈಟ್ ಮಾಡಿಕೊಟ್ಟಿದೀನಿ."

"ನೀನು ಹೇಳಿದ್ರೆ ತಾನೆ ಅವರಿಗೆ ಗೊತ್ತಾಗೋದು."

"ಬರ್ಕೊಳೇ ಸುಮ್ನೆ," ಎಂದಳು ಅಕ್ಕ. "ಮೊದಲನೇ ಪಾಲಿಸಿ. ನಿನ್ನ ಕಾಲ ಮೇಲೆ ನೀನೇ ಯಾಕೆ ಕಲ್ಲು ಹಾಕ್ಕೊಳ್ತೀಯ?"

"ನಾಳೆ ಏನಾದ್ರೂ ಆಗಿ, ಮುಚ್ಚಿಟ್ಟಿದ್ರು ಅಂತ ಕಂಪನಿಯವರು ನಿನ್ನ ಬರಿಗೈಲಿ ಕಳಿಸಿದ್ರೆ? ನಿನ್ನ ಮುಖ ನಾನು ಹೇಗೆ ನೋಡ್ಲಿ?"

"ಏನಾದ್ರೂ ಆಗಿ ಅನ್ನೋ ಮಾತು ನಿನ್ನ ಬಾಯಲ್ಲೇ ಬರಬೇಕಿತ್ತಾ?" ಅಕ್ಕ ಎದ್ದು ಒಳಗೆ ಹೋದಳು.

ಆಗ ಭಾವ ದನಿ ತಗ್ಗಿಸಿದ. "ಸ್ಟೀರಿಂಗ್ ಹಿಡಿದ್ರೆ ಕೈ ನಡುಗುತ್ತೆ ಕಣಮ್ಮ. ಡಾಕ್ಟರ್ ಹತ್ರ ಹೋಗೋಕೂ ಭಯ, ಡ್ಯೂಟಿಯಿಂದ ತೆಗೆದುಬಿಟ್ರೆ ಅಂತ."

ತೂಕ ಇಳಿದದ್ದು, ಕೈ ನಡುಗುವುದು, ಎರಡನ್ನೂ ಅವಳು ಬರೆದಳು. ಅವನು ಓದಿ ನೋಡಿ ಸಹಿ ಹಾಕಿದ. ಕಂಪನಿಯವರು ತಪಾಸಣೆ ಮಾಡಿಸಿ, ಚಿಕಿತ್ಸೆ ಮುಗಿಯಲಿ, ಆಮೇಲೆ ನೋಡೋಣ ಎಂದು ಅರ್ಜಿಯನ್ನು ಮುಂದೂಡಿದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಕುರ್ಚಿ ಬೇರೆಯವರಿಗೆ ಹೋಯಿತು, ಭಾವ ರಜೆ ಹಾಕಿ ಕೂತ, ಅಕ್ಕ ಮಾತು ಬಿಟ್ಟಳು. ಒಡಹುಟ್ಟಿದವಳ ಮುನಿಸಿಗೆ ಯಾವ ಕಂಪನಿ ವಿಮೆ ಕೊಡುತ್ತದೆ, ಹೇಳಿ.

ಆ ದಿನಗಳಲ್ಲಿ ಟೇಪಕ್ಕ ಮೆಷಿನ್ ಮುಂದೆ ಕೂತಲ್ಲೇ ಕನಸು ಕಾಣುವಳು. ಕಿಟಕಿಯಾಚೆ ಭಾವನ ಬಸ್ಸು ಸದ್ದಿಲ್ಲದೆ ಹಾದುಹೋಗುವುದು. ಸೀಟುಗಳಲ್ಲಿ ಜನರಿಲ್ಲ, ಮಡಚಿಟ್ಟ ಪ್ಯಾಂಟುಗಳು ಸಾಲಾಗಿ ಕೂತಿವೆ. ಹೋದ ಬಸ್ಸಿನ ಹಿಂದೆ ಕೊರಳಿನ ಟೇಪು ತಾನಾಗಿ ಬಿಚ್ಚಿಕೊಂಡು ಬೀದಿಯುದ್ದಕ್ಕೂ ಹರಿಯುವುದು. ಎಚ್ಚೆತ್ತು ನೋಡಿದರೆ ಹೊಲಿಗೆ ಸೊಟ್ಟಗಾಗಿರುತ್ತಿತ್ತು. ಬರೆದದ್ದು ತಪ್ಪಾಯಿತೇ ಎಂದು ದಿನಕ್ಕೆ ಹತ್ತು ಸಲ ಅಳುಕುವಳು.

ಐದು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಅಕ್ಕ ಭಾವ ಇಬ್ಬರೂ ಬಾಗಿಲಲ್ಲಿ ನಿಂತಿದ್ದರು. ಭಾವನೇ ಹೇಳಿದ: ಥೈರಾಯ್ಡ್ ಅಂತೆ, ಹೊತ್ತಿಗೆ ಸರಿಯಾಗಿ ಸಿಕ್ಕಿತಂತೆ, ಮಾತ್ರೆಯಲ್ಲೇ ಹತೋಟಿಗೆ ಬಂದಿದೆಯಂತೆ. ನಾಳೆಯಿಂದ ಮತ್ತೆ ಡ್ಯೂಟಿ. ಅಕ್ಕ ಹಳೆಯ ಪ್ಯಾಂಟುಗಳ ಗಂಟನ್ನು ತಂಗಿಯ ಮಡಿಲಿಗೆ ಹಾಕಿದಳು.

"ಯಾವುದೂ ಸೊಂಟಕ್ಕೆ ಆಗ್ತಿಲ್ಲ, ಎಲ್ಲಾ ಬಿಗಿ," ಎಂದ ಭಾವ, ನಾಚಿಕೊಂಡು. "ಹೊಸ ಬಟ್ಟೆನೇ ತರಬೇಕೇನೋ."

ಟೇಪಕ್ಕ ಒಂದರ ಹಿಂಬದಿಯ ಹೊಲಿಗೆಯನ್ನು ಮೆಲ್ಲನೆ ಬಿಚ್ಚಿದಳು. ಒಳಗಡೆ ಮೂರಿಂಚು ಬಟ್ಟೆ ಹಾಗೇ ಇತ್ತು, ಬಿಸಿಲು ಕಾಣದೆ ಹೊಸದರಂತೆ ಕಪ್ಪಗೆ.

"ಕತ್ತರಿಸಿರಲಿಲ್ವೇನೇ?" ಎಂದಳು ಅಕ್ಕ. ಐದು ತಿಂಗಳಲ್ಲಿ ಅದೇ ಅವಳ ಮೊದಲ ಮಾತು.

"ಹೇಗೆ ಕತ್ತರಿಸಲಿ ಅಕ್ಕ? ಭಾವ ಮತ್ತೆ ಮೊದಲಿನ ಹಾಗೆ ಆಗ್ತಾರೆ ಅಂತ ಒಳಗೇ ಮಡಚಿಟ್ಟಿದ್ದೆ."